ಮಾಲ್‌ವೇರ್‌ನಿಂದ ವಿಂಡೋಸ್ ಅಪ್‌ಡೇಟ್ ವಿಫಲವಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಅಡಿಕೆ ಮಂಡಿಯ ಲೆಕ್ಕದ ಕಂಪ್ಯೂಟರ್ ಆಗಿರಲಿ, ದುರ್ಗಿಗುಡಿಯ ಡಿಟಿಪಿ ಅಂಗಡಿಯ ಹಳೆಯ ಯಂತ್ರವಾಗಿರಲಿ, ಹೊಸನಗರದ ಕಡೆಯ ಮನೆಯೊಂದರಲ್ಲಿ ಮಕ್ಕಳು ಓದಿಗೆ ಬಳಸುವ ಲ್ಯಾಪ್‌ಟಾಪ್ ಆಗಿರಲಿ, ವಿಂಡೋಸ್ ಅಪ್‌ಡೇಟ್ ಮತ್ತೆ ಮತ್ತೆ ವಿಫಲವಾಗುತ್ತಿದ್ದರೆ ಅದನ್ನು ಕಡೆಗಣಿಸುವಂತಿಲ್ಲ. ಇಲ್ಲಿನ ಉತ್ತರಗಳು ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತವೆ. ಎಲ್ಲ ಉತ್ತರಗಳ ಹಿಂದೆಯೂ ಒಂದೇ ಕ್ರಮವಿದೆ: ಮೊದಲು ಮಾಲ್‌ವೇರನ್ನು (ಹಾನಿ ಮಾಡಲೆಂದೇ ಬರೆದ ಪ್ರೋಗ್ರಾಂ) ತೆಗೆಯಬೇಕು, ಅನಂತರ ಅದು ತಿರುಚಿಟ್ಟ ಸೆಟ್ಟಿಂಗ್‌ಗಳನ್ನು ಸರಿಪಡಿಸಬೇಕು, ಆಮೇಲಷ್ಟೇ ಅಪ್‌ಡೇಟ್ ವ್ಯವಸ್ಥೆಯ ದುರಸ್ತಿಗೆ ಕೈಹಾಕಬೇಕು. ಈ ಕ್ರಮ ತಪ್ಪಿದರೆ ದಿನವಿಡೀ ಕುಳಿತು ಮಾಡಿದ ದುರಸ್ತಿಯನ್ನು ಒಳಗೆ ಉಳಿದ ಮಾಲ್‌ವೇರ್ ಮುಂದಿನ ರೀಸ್ಟಾರ್ಟ್‌ನಲ್ಲಿಯೇ ಅಳಿಸಿಹಾಕುತ್ತದೆ. ಆದೇಶಗಳನ್ನೂ ಫೋಲ್ಡರ್ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಅಪ್‌ಡೇಟ್ ವಿಫಲವಾಯಿತೆಂದರೆ ಕಂಪ್ಯೂಟರಿಗೆ ವೈರಸ್ ತಗುಲಿದೆ ಎಂದೇ ತಿಳಿಯಬೇಕೆ?

ಹಾಗೆ ತಿಳಿಯಬೇಕಿಲ್ಲ. ನಮ್ಮ ಭಾಗದಲ್ಲಿ ಇದಕ್ಕೆ ಸಾಮಾನ್ಯ ಕಾರಣಗಳೇ ಹಲವಿವೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಗಂಟೆಗಟ್ಟಲೆ ಕರೆಂಟ್ ಇಲ್ಲದಿರುವುದು ಮಲೆನಾಡಿನಲ್ಲಿ ಹೊಸ ಸಂಗತಿಯಲ್ಲ. ಅಪ್‌ಡೇಟ್ ಅರ್ಧಕ್ಕೆ ಬಂದಿರುವಾಗ ಯುಪಿಎಸ್ ಬ್ಯಾಟರಿಯೂ ಕೈಕೊಟ್ಟರೆ ವಿಂಡೋಸ್‌ನ ಕಡತಗಳು ಅರೆಬರೆಯಾಗಿ ಉಳಿಯುತ್ತವೆ. ಸಿ ಡ್ರೈವ್‌ನಲ್ಲಿ ಜಾಗ ಸಾಲದಿದ್ದರೆ 80070070 ಎಂಬ ದೋಷಸಂಖ್ಯೆ ಬರುತ್ತದೆ. ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಮುಗಿದು ದಿನಾಂಕ ಹಳೆಯ ವರ್ಷಕ್ಕೆ ಹೋಗಿದ್ದರೆ ಸರ್ವರ್‌ನ ಪ್ರಮಾಣಪತ್ರ ತಾಳೆಯಾಗದೆ ಸಂಪರ್ಕವೇ ಕಡಿದುಹೋಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಮೂಲಕ ಇಂಟರ್‌ನೆಟ್ ಪಡೆಯುವ ಮನೆಗಳಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’ (ಡೇಟಾ ಮಿತಿಯಿರುವ ಸಂಪರ್ಕ) ಎಂದು ಗುರುತಿಸಿದ್ದರೆ ವಿಂಡೋಸ್ ಹೆಚ್ಚಿನ ಅಪ್‌ಡೇಟ್‌ಗಳನ್ನು ತಾನಾಗಿ ಇಳಿಸಿಕೊಳ್ಳುವುದೇ ಇಲ್ಲ. ಇವಿಷ್ಟನ್ನು ಪರೀಕ್ಷಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲವಾದ್ದರಿಂದ ಮೊದಲು ಇವುಗಳನ್ನೇ ನೋಡುವುದು ಒಳ್ಳೆಯದು.

ಹಾಗಾದರೆ ಮಾಲ್‌ವೇರ್ ಎಂದು ಅನುಮಾನಿಸುವುದು ಯಾವಾಗ?

ಅಪ್‌ಡೇಟ್ ಜೊತೆಗೆ ರಕ್ಷಣೆಯ ಬೇರೆ ಭಾಗಗಳೂ ಒಟ್ಟಿಗೆ ಕೆಟ್ಟಿದ್ದರೆ ಅನುಮಾನಕ್ಕೆ ಬಲವಾದ ಕಾರಣವಿದೆ. ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಆರಿಹೋಗಿದ್ದು ಮತ್ತೆ ಆನ್ ಮಾಡಲು ಬಾರದಿರುವುದು, ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಮುಚ್ಚಿಕೊಳ್ಳುವುದು, ಯಾವ ಕಂಪನಿಗೂ ಸೇರದ ಮನೆಯ ಲ್ಯಾಪ್‌ಟಾಪಿನಲ್ಲಿ ‘ಕೆಲವು ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬರ್ಥದ ಸಾಲು ಅಪ್‌ಡೇಟ್ ಪುಟದಲ್ಲಿ ಕಾಣಿಸುವುದು, ಏನೂ ಕೆಲಸ ಮಾಡದಿರುವಾಗಲೂ ಫ್ಯಾನ್ ಜೋರಾಗಿ ತಿರುಗುತ್ತಿರುವುದು ಇವೆಲ್ಲ ಸೂಚನೆಗಳು. ಇವುಗಳಲ್ಲಿ ನಾನು ಹೆಚ್ಚು ತೂಕ ಕೊಡುವುದು ಇನ್ನೊಂದಕ್ಕೆ: ಸುದ್ದಿ ಪತ್ರಿಕೆ, ಯೂಟ್ಯೂಬ್, ಬ್ಯಾಂಕಿನ ಪುಟ ಎಲ್ಲವೂ ತೆರೆದುಕೊಂಡು, ಮೈಕ್ರೋಸಾಫ್ಟ್ ಮತ್ತು ಆಂಟಿವೈರಸ್ ಕಂಪನಿಗಳ ಪುಟಗಳು ಮಾತ್ರ ತೆರೆದುಕೊಳ್ಳದಿದ್ದರೆ ಅದು ನೆಟ್‌ವರ್ಕ್ ದೋಷವಾಗಿರುವುದು ತೀರ ಅಪರೂಪ. ನೆಟ್ ಹೋದರೆ ಎಲ್ಲಕ್ಕೂ ಹೋಗುತ್ತದೆ. ಆರಿಸಿ ತಡೆಯುವ ಕೆಲಸವನ್ನು ಯಾವುದೋ ಪ್ರೋಗ್ರಾಂ ಮಾಡುತ್ತಿರುತ್ತದೆ.

ಅಪ್‌ಡೇಟನ್ನು ತಡೆಯುವುದರಿಂದ ಮಾಲ್‌ವೇರ್‌ಗೆ ಸಿಗುವ ಲಾಭವೇನು?

ತಾನು ಒಳಗೆ ಬಂದ ಬಾಗಿಲು ತೆರೆದೇ ಇರಬೇಕು, ತನ್ನನ್ನು ಗುರುತಿಸುವ ಹೊಸ ಮಾಹಿತಿ ಡಿಫೆಂಡರ್‌ಗೆ ತಲುಪಬಾರದು ಎಂಬುದೇ ಅದರ ಉದ್ದೇಶ. 2008ರ ನವೆಂಬರ್‌ನಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ವರ್ಮ್ (ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡುವ ಮಾಲ್‌ವೇರ್) ಇದಕ್ಕೆ ಇಂದಿಗೂ ಪಾಠದಂತಿರುವ ಉದಾಹರಣೆ. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಅಕ್ಟೋಬರ್ 23ರಂದೇ ತೇಪೆ (ದೋಷವನ್ನು ಮುಚ್ಚುವ ಅಪ್‌ಡೇಟ್) ಬಿಡುಗಡೆ ಮಾಡಿತ್ತು. ಹಾಕಿಕೊಳ್ಳದೆ ಉಳಿದ ಯಂತ್ರಗಳನ್ನು ಹೊಕ್ಕ ಕಾನ್‌ಫಿಕರ್ ಮೊದಲು ಮಾಡುತ್ತಿದ್ದ ಕೆಲಸಗಳಲ್ಲಿ ವಿಂಡೋಸ್ ಅಪ್‌ಡೇಟ್ ಸೇವೆ, ಕಡತಗಳನ್ನು ಹಿನ್ನೆಲೆಯಲ್ಲಿ ಇಳಿಸಿಕೊಳ್ಳುವ ಬಿಟ್ಸ್ ಸೇವೆ ಮತ್ತು ಡಿಫೆಂಡರ್‌ಗಳನ್ನು ನಿಲ್ಲಿಸುವುದು ಸೇರಿತ್ತು; ಭದ್ರತಾ ಕಂಪನಿಗಳ ಹೆಸರಿರುವ ವಿಳಾಸಗಳನ್ನು ಹುಡುಕದಂತೆಯೂ ಅದು ತಡೆಯುತ್ತಿತ್ತು. 2017ರ ಮೇ 12ರಂದು ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತ ಜಗತ್ತನ್ನೆಲ್ಲ ಕಂಗೆಡಿಸಿದ ವಾನಾಕ್ರೈ ದಾಳಿಯ ದೋಷಕ್ಕೂ ಎರಡು ತಿಂಗಳು ಮೊದಲೇ, ಮಾರ್ಚ್ 14ರಂದು, ತೇಪೆ ಬಂದಿತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಹೊಡೆಯಬೇಕೆಂದು ಅಡಿಕೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಭದ್ರತಾ ಅಪ್‌ಡೇಟಿನ ಹೊತ್ತೂ ಹಾಗೆಯೇ.

ನಮ್ಮ ಕಡೆ ಇಂತಹ ಮಾಲ್‌ವೇರ್ ಸಾಮಾನ್ಯವಾಗಿ ಎಲ್ಲಿಂದ ಬರುತ್ತದೆ?

ಎರಡು ದಾರಿಗಳನ್ನು ಒತ್ತಿ ಹೇಳಬೇಕು. ಮೊದಲನೆಯದು ಪರವಾನಗಿ ಇಲ್ಲದ ವಿಂಡೋಸ್ ಅಥವಾ ಆಫೀಸನ್ನು ‘ಆಕ್ಟಿವೇಟ್’ ಮಾಡುವ ಪ್ರೋಗ್ರಾಂಗಳು ಮತ್ತು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್. ಇವು ಓಡುವ ಮೊದಲೇ ಆಂಟಿವೈರಸ್ ನಿಲ್ಲಿಸುವಂತೆ ಕೇಳುತ್ತವೆ, ಬಳಸುವವರು ತಾವಾಗಿಯೇ ಅಡ್ಮಿನಿಸ್ಟ್ರೇಟರ್ ಅನುಮತಿ ಕೊಡುತ್ತಾರೆ, ಕೆಲವು ಪ್ರೋಗ್ರಾಂಗಳು ಇಡೀ ಸಿ ಡ್ರೈವನ್ನೇ ಡಿಫೆಂಡರ್ ನೋಡದಂತೆ ವಿನಾಯಿತಿ ಪಟ್ಟಿಗೆ ಸೇರಿಸಿಬಿಡುತ್ತವೆ. ಇಂಥದೇ ಆಕ್ಟಿವೇಟರ್ ಆದ ಕೆಎಂಎಸ್‌ಪಿಕೋ ಹೆಸರಿನ ನಕಲಿ ಇನ್‌ಸ್ಟಾಲರ್‌ಗಳ ಮೂಲಕ ಪಾಸ್‌ವರ್ಡ್ ಕದಿಯುವ ಕ್ರಿಪ್ಟ್‌ಬಾಟ್ ಹರಡಿದ್ದು 2021ರಲ್ಲಿ ಬಹಿರಂಗವಾಯಿತು. ಕಡಿಮೆ ಖರ್ಚಿನಲ್ಲಿ ಯಂತ್ರ ಸಿದ್ಧಪಡಿಸಿಕೊಡುತ್ತೇವೆ ಎನ್ನುವವರು ಯಾವ ವಿಂಡೋಸ್ ಹಾಕುತ್ತಾರೆಂದು ಕೇಳುವ ಹಕ್ಕು ಗ್ರಾಹಕರಿಗಿದೆ, ಕೇಳಲೇಬೇಕು.

ಎರಡನೆಯದು ಪೆನ್‌ಡ್ರೈವ್. ಕಾಲೇಜಿನ ಪ್ರಾಜೆಕ್ಟ್, ಪಹಣಿಯ ಸ್ಕ್ಯಾನ್, ಮದುವೆಯ ಆಮಂತ್ರಣ ಎಲ್ಲವೂ ಪ್ರಿಂಟ್ ಅಂಗಡಿಯ ಒಂದೇ ಯಂತ್ರಕ್ಕೆ ಬಂದುಹೋಗುತ್ತವೆ. ಪೆನ್‌ಡ್ರೈವ್‌ನ ಫೋಲ್ಡರ್‌ಗಳೆಲ್ಲ ಮಾಯವಾಗಿ ಅದೇ ಹೆಸರಿನ, ಮೂಲೆಯಲ್ಲಿ ಬಾಣದ ಗುರುತಿರುವ ಶಾರ್ಟ್‌ಕಟ್‌ಗಳು ಕಂಡರೆ ಅವುಗಳ ಮೇಲೆ ಕ್ಲಿಕ್ ಮಾಡಬಾರದು. ಕಡತಗಳು ಹೋಗಿರುವುದಿಲ್ಲ, ಅಡಗಿಸಲ್ಪಟ್ಟಿರುತ್ತವೆ. ಆ ಶಾರ್ಟ್‌ಕಟ್ ಮೊದಲು ಮಾಲ್‌ವೇರನ್ನು ಓಡಿಸಿ, ಆಮೇಲೆ ಫೋಲ್ಡರ್ ತೆರೆದು ತೋರಿಸುತ್ತದೆ.

ಅನುಮಾನ ಬಂದ ಕೂಡಲೇ ಮಾಡಬೇಕಾದದ್ದೇನು?

ನೆಟ್ ಕೇಬಲ್ ತೆಗೆಯಬೇಕು ಅಥವಾ ವೈಫೈ ಆರಿಸಬೇಕು. ಮಂಡಿ, ಸೊಸೈಟಿಗಳಲ್ಲಿ ಹಲವು ಯಂತ್ರಗಳು ಒಂದೇ ಜಾಲದಲ್ಲಿರುವುದರಿಂದ ಇದು ಮುಖ್ಯ. ಅನಂತರ ಟ್ಯಾಲಿ ದತ್ತಾಂಶದ ಫೋಲ್ಡರ್, ನುಡಿ ಅಥವಾ ಬರಹದಲ್ಲಿ ಮಾಡಿದ ದಾಖಲೆಗಳು, ಫೋಟೊಗಳು ಇವುಗಳನ್ನು ಮಾತ್ರ ಖಾಲಿ ಡ್ರೈವ್‌ಗೆ ನಕಲಿಸಬೇಕು. ಸೆಟಪ್ ಕಡತಗಳನ್ನಾಗಲಿ ಪ್ರೋಗ್ರಾಂಗಳನ್ನಾಗಲಿ ಜೊತೆಗೆ ಒಯ್ಯಬಾರದು. ಹಳೆಯ ಬ್ಯಾಕಪ್ ಇರುವ ಡ್ರೈವನ್ನು ಸೋಂಕಿತ ಯಂತ್ರಕ್ಕೆ ಚುಚ್ಚಲೇಬಾರದು, ಏಕೆಂದರೆ ಉಳಿದಿರುವ ಒಂದೇ ಒಳ್ಳೆಯ ಪ್ರತಿ ಅದಾಗಿರಬಹುದು.

ಡಿಫೆಂಡರ್ ‘ಯಾವ ಅಪಾಯವೂ ಇಲ್ಲ’ ಎನ್ನುತ್ತದೆ. ಅದನ್ನು ನಂಬಬಹುದೆ?

ವಿನಾಯಿತಿ ಪಟ್ಟಿಯನ್ನು ನೋಡದೆ ನಂಬಬಾರದು. ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ರಕ್ಷಣೆಯ ಸೆಟ್ಟಿಂಗ್‌ಗಳ ಕೆಳಗೆ ‘ಎಕ್ಸ್‌ಕ್ಲೂಷನ್ಸ್’ ಎಂಬ ಪಟ್ಟಿ ಇರುತ್ತದೆ. ನೀವು ಸೇರಿಸದ ಫೋಲ್ಡರ್, ಅದರಲ್ಲಿಯೂ ಇಡೀ ಡ್ರೈವ್ ಅಲ್ಲಿ ಕಂಡರೆ ತೆಗೆದುಹಾಕಿ, ‘ಟ್ಯಾಂಪರ್ ಪ್ರೊಟೆಕ್ಷನ್’ (ಡಿಫೆಂಡರ್‌ನ ಸೆಟ್ಟಿಂಗ್‌ಗಳನ್ನು ಬೇರೆ ಪ್ರೋಗ್ರಾಂ ಬದಲಿಸದಂತೆ ತಡೆಯುವ ವ್ಯವಸ್ಥೆ) ಆನ್ ಇದೆಯೇ ಎಂದು ನೋಡಿ, ಮತ್ತೆ ಸ್ಕ್ಯಾನ್ ಮಾಡಬೇಕು.

ವಿಂಡೋಸ್ ಓಡುತ್ತಿರುವಾಗ ತನ್ನನ್ನು ತಾನು ಮರೆಮಾಚಿಕೊಳ್ಳುವ ರೂಟ್‌ಕಿಟ್‌ಗಳಿಗೆ ಸಾಮಾನ್ಯ ಸ್ಕ್ಯಾನ್ ಸಾಲದು. ಅಲ್ಲೇ ‘ಸ್ಕ್ಯಾನ್ ಆಪ್ಷನ್ಸ್’ನಲ್ಲಿರುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿದರೆ ಯಂತ್ರ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಎದ್ದೇಳುವ ಮೊದಲೇ, ಸುಮಾರು 15 ನಿಮಿಷಗಳಲ್ಲಿ ತಪಾಸಣೆ ನಡೆಯುತ್ತದೆ. ಕರೆಂಟ್ ನಂಬಲಾಗದ ದಿನ ಇದನ್ನು ಆರಂಭಿಸಬೇಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಪೂರ್ತಿ ತುಂಬಿರಲಿ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರನ್ನು ಇನ್ನೊಂದು ಶುದ್ಧ ಯಂತ್ರದಲ್ಲಿ ಇಳಿಸಿ ತರಬಹುದು. ಅದು ಇಳಿಸಿದ 10 ದಿನಗಳಿಗೆ ಅವಧಿ ಮುಗಿಯುವುದರಿಂದ ಹಳೆಯ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಓಡಾಡುವುದರಲ್ಲಿ ಅರ್ಥವಿಲ್ಲ. ಸೈಬರ್ ಭದ್ರತೆಯನ್ನು ನೋಡಿಕೊಳ್ಳುವ ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರ ಫೆಬ್ರುವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿಯೂ ಉಚಿತ ಶುದ್ಧೀಕರಣ ಸಾಧನಗಳು ಸಿಗುತ್ತವೆ.

ಮಾಲ್‌ವೇರ್ ತೆಗೆದಾಯಿತು. ಆದರೂ ಅಪ್‌ಡೇಟ್ ಆಗುತ್ತಿಲ್ಲ, ಏಕೆ?

ಹೆಚ್ಚಿನವರು ಸೋತು ಕೈಚೆಲ್ಲುವುದು ಈ ಹಂತದಲ್ಲಿ. ಆಂಟಿವೈರಸ್ ಅಪಾಯದ ಕಡತವನ್ನು ಅಳಿಸುತ್ತದೆ, ಆ ಕಡತ ವಿಂಡೋಸ್‌ನಲ್ಲಿ ಬದಲಾಯಿಸಿದ ಸೆಟ್ಟಿಂಗ್‌ಗಳನ್ನು ಎಲ್ಲ ಸಲವೂ ಹಿಂದಿನಂತೆ ಮಾಡುವುದಿಲ್ಲ. ಆದ್ದರಿಂದ ಒಂದೊಂದಾಗಿ ನೋಡಬೇಕು.

ಮೊದಲು ಸೇವೆಗಳು. ರನ್ ಪೆಟ್ಟಿಗೆಯಲ್ಲಿ ‘ಸರ್ವೀಸಸ್.ಎಂಎಸ್‌ಸಿ’ ಎಂದು ಟೈಪ್ ಮಾಡಿದರೆ ಉದ್ದನೆಯ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ‘ವಿಂಡೋಸ್ ಅಪ್‌ಡೇಟ್’ ಸಾಲಿನ ಎದುರು ‘ಡಿಸೇಬಲ್ಡ್’ ಎಂದಿದ್ದರೆ ಅದನ್ನು ‘ಮ್ಯಾನ್ಯುವಲ್’ಗೆ ಬದಲಿಸಬೇಕು, ಸದಾ ಓಡುತ್ತಿರಬೇಕೆಂದೇನಿಲ್ಲ, ಬೇಕಾದಾಗ ವಿಂಡೋಸ್ ಅದನ್ನು ತಾನೇ ಎಬ್ಬಿಸಿಕೊಳ್ಳುತ್ತದೆ. ಬಿಟ್ಸ್ ಸೇವೆಯೂ ಡಿಸೇಬಲ್ಡ್ ಆಗಿರಬಾರದು, ‘ಕ್ರಿಪ್ಟೋಗ್ರಾಫಿಕ್ ಸರ್ವೀಸಸ್’ ಆಟೊಮ್ಯಾಟಿಕ್ ಆಗಿರಬೇಕು. ಬದಲಿಸಿ ಕಿಟಕಿಯನ್ನು ಮುಚ್ಚದೆ ಸ್ವಲ್ಪ ಹೊತ್ತು ಬಿಟ್ಟು ಎಫ್5 ಒತ್ತಿ ನೋಡಿ. ನಿಮ್ಮ ಕಣ್ಣೆದುರೇ ಆ ಸಾಲು ಮತ್ತೆ ‘ಡಿಸೇಬಲ್ಡ್’ ಆಗಿದ್ದರೆ ಯಾವುದೋ ಪ್ರೋಗ್ರಾಂ ಇನ್ನೂ ಕಾವಲಿದೆ ಎಂದು ಅರ್ಥ. ಆಗ ಟಾಸ್ಕ್ ಶೆಡ್ಯೂಲರ್ ತೆರೆದು, ತಯಾರಕರ ಹೆಸರಿಲ್ಲದ, ಅರ್ಥವಿಲ್ಲದ ಅಕ್ಷರಗಳ ಹೆಸರುಳ್ಳ, ಕೆಲವು ನಿಮಿಷಗಳಿಗೊಮ್ಮೆ ಓಡುವಂತೆ ಹೊಂದಿಸಿದ ಕೆಲಸಗಳಿವೆಯೇ ಎಂದು ಹುಡುಕಬೇಕು. ಆಕ್ಟಿವೇಟರ್‌ಗಳು ಬಿಟ್ಟುಹೋಗುವ ಕೊಂಡಿ ಸಾಮಾನ್ಯವಾಗಿ ಅಲ್ಲಿಯೇ ಸಿಗುತ್ತದೆ.

ಎರಡನೆಯದು ‘ಹೋಸ್ಟ್ಸ್’ ಎಂಬ ಪುಟ್ಟ ಕಡತ. ಇದು ವಿಂಡೋಸ್ ಫೋಲ್ಡರ್ ಒಳಗೆ ಸಿಸ್ಟಮ್32, ಡ್ರೈವರ್ಸ್, ಇಟಿಸಿ ಎಂಬ ಫೋಲ್ಡರ್‌ಗಳ ಆಳದಲ್ಲಿರುತ್ತದೆ. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಅದರ ಮೂಲಕ ಈ ಕಡತವನ್ನು ತೆರೆಯಬೇಕು. ಮೈಕ್ರೋಸಾಫ್ಟ್ ಬರೆದಿಟ್ಟ ಸಾಲುಗಳೆಲ್ಲ ಹ್ಯಾಷ್ ಚಿಹ್ನೆಯಿಂದ ಆರಂಭವಾಗುತ್ತವೆ. ಆ ಚಿಹ್ನೆಯಿಲ್ಲದೆ, 127.0.0.1 ಅಥವಾ 0.0.0.0 ಎಂಬ ಅಂಕಿಗಳ ಮುಂದೆ ಮೈಕ್ರೋಸಾಫ್ಟ್‌ನದೋ ಆಂಟಿವೈರಸ್ ಕಂಪನಿಯದೋ ವಿಳಾಸವಿದ್ದರೆ, ಆ ವಿಳಾಸವನ್ನು ಕೇಳಿದಾಗಲೆಲ್ಲ ಕಂಪ್ಯೂಟರ್ ತನ್ನ ಬಳಿಗೇ ತಾನು ಹೋಗಿ ಖಾಲಿ ಕೈಯಲ್ಲಿ ಮರಳುತ್ತದೆ. ಮೊದಲ ಪರದೆಯಷ್ಟನ್ನೇ ನೋಡಿ ಮುಚ್ಚಿಬಿಡಬೇಡಿ: ನೂರಾರು ಖಾಲಿ ಸಾಲುಗಳನ್ನು ಬಿಟ್ಟು ತೀರ ಕೆಳಗೆ ಈ ನಮೂದುಗಳನ್ನು ಬರೆದಿಡುವುದು ಹಳೆಯ ತಂತ್ರ. ಬಲಬದಿಯ ಸ್ಕ್ರಾಲ್ ಪಟ್ಟಿ ಅನುಮಾನ ಬರುವಷ್ಟು ಗಿಡ್ಡವಾಗಿದ್ದರೆ ಕಡತದ ಕೊನೆಯವರೆಗೂ ಹೋಗಿ ನೋಡಬೇಕು. ಆದರೆ ಕಚೇರಿಯ ಯಂತ್ರದಲ್ಲಿ ಒಳಜಾಲದ ಸರ್ವರ್‌ಗಾಗಿ ಬೇಕೆಂದೇ ಬರೆದ ಸಾಲುಗಳೂ ಇರಬಹುದಾದ್ದರಿಂದ ಅಳಿಸುವ ಮೊದಲು ಒಂದು ನಕಲು ಇಟ್ಟುಕೊಳ್ಳಿ.

ಪ್ರಾಕ್ಸಿ (ನೆಟ್ ಸಂಪರ್ಕವನ್ನು ನಡುವೆ ನಿಂತು ಸಾಗಿಸುವ ಸರ್ವರ್) ಮತ್ತು ಡಿಎನ್‌ಎಸ್ (ತಾಣದ ಹೆಸರಿಗೆ ಅದರ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಮೂರನೆಯವು. ನೆಟ್‌ವರ್ಕ್ ಸೆಟ್ಟಿಂಗ್‌ಗಳಲ್ಲಿ ನೀವು ಹಾಕದ ಪ್ರಾಕ್ಸಿ ವಿಳಾಸವಿದ್ದರೆ ಆರಿಸಬೇಕು. ಡಿಎನ್‌ಎಸ್ ಅನ್ನು ಕಂಪ್ಯೂಟರಿನಲ್ಲಿ ನೋಡಿದರೆ ಸಾಲದು, ಮನೆಯ ರೌಟರ್‌ನಲ್ಲಿಯೂ ನೋಡಬೇಕು. 2011ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಬಯಲಿಗೆಳೆದ ಡಿಎನ್‌ಎಸ್‌ಚೇಂಜರ್ ಜಾಲದ ಮಾಲ್‌ವೇರ್ ಎರಡು ಕಡೆಯೂ ಕೈಯಾಡಿಸುತ್ತಿತ್ತು. ರೌಟರ್‌ನ ಪಾಸ್‌ವರ್ಡ್ ಇನ್ನೂ ಪೆಟ್ಟಿಗೆಯ ಮೇಲೆ ಅಚ್ಚಾಗಿ ಬಂದದ್ದೇ ಆಗಿದ್ದರೆ ಇಂದೇ ಬದಲಿಸಿ.

ಕೊನೆಯದಾಗಿ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯ ಪಾಲಿಸಿ ನಮೂದುಗಳು. ಮನೆಯ ಯಂತ್ರದಲ್ಲಿ ವಿಂಡೋಸ್ ಅಪ್‌ಡೇಟ್ ಪಾಲಿಸಿಯ ಕೆಳಗೆ ‘ನೋಆಟೊಅಪ್‌ಡೇಟ್’ ಅಥವಾ ಯಾವುದೋ ಸರ್ವರ್‌ನ ವಿಳಾಸವಿರುವ ‘ಡಬ್ಲ್ಯುಯುಸರ್ವರ್’ ಕಂಡರೆ ಅವು ಅಲ್ಲಿ ಇರಬೇಕಾದವಲ್ಲ. ರಿಜಿಸ್ಟ್ರಿಯ ಅಭ್ಯಾಸವಿಲ್ಲದವರು ಇದೊಂದನ್ನು ತಿಳಿದವರಿಗೆ ಬಿಡುವುದು ಕ್ಷೇಮ.

ಇವೆಲ್ಲ ಸರಿಯಿದ್ದೂ ದೋಷಸಂಖ್ಯೆ ಬರುತ್ತಿದೆ. ಅದರಿಂದ ಏನು ತಿಳಿಯುತ್ತದೆ?

ಸಂಖ್ಯೆಯು ಮಾಲ್‌ವೇರ್ ಇದೆಯೋ ಇಲ್ಲವೋ ಎಂದು ಹೇಳುವುದಿಲ್ಲ, ಎಲ್ಲಿ ಅಡ್ಡಿಯಾಯಿತೆಂದು ಹೇಳುತ್ತದೆ. 80070422 ಎಂದರೆ ಸೇವೆ ಡಿಸೇಬಲ್ ಆಗಿದೆ. 80070005 ಎಂದರೆ ಅನುಮತಿ ನಿರಾಕರಣೆ. 8024402ಸಿ ಬಂದರೆ ಸರ್ವರ್‌ನ ಹೆಸರು ಪತ್ತೆಯಾಗುತ್ತಿಲ್ಲ, ಪ್ರಾಕ್ಸಿ ಅಥವಾ ಡಿಎನ್‌ಎಸ್ ನೋಡಬೇಕು. 80073712 ಎಂದರೆ ವಿಂಡೋಸ್‌ನ ಘಟಕಗಳ ಭಂಡಾರವೇ ಹಾಳಾಗಿದೆ. 80070643 ಕಂಡು ಗಾಬರಿಯಾದವರು ಬಹಳ. 2024ರ ಜನವರಿಯಲ್ಲಿ ಬಂದ ಕೆಬಿ5034441 ಎಂಬ ಅಪ್‌ಡೇಟ್, ರಿಕವರಿ ವಿಭಾಗದಲ್ಲಿ ಜಾಗ ಸಾಲದ ವಿಂಡೋಸ್ 10 ಯಂತ್ರಗಳಲ್ಲಿ ಇದೇ ಸಂಖ್ಯೆ ತೋರಿಸಿ ನಿಲ್ಲುತ್ತಿತ್ತು. ಅದಕ್ಕೂ ಮಾಲ್‌ವೇರ್‌ಗೂ ಸಂಬಂಧವಿರಲಿಲ್ಲ.

ಹಾಳಾದ ಕಡತಗಳನ್ನು ದುರಸ್ತಿ ಮಾಡುವುದು ಹೇಗೆ?

ಅಡ್ಮಿನಿಸ್ಟ್ರೇಟರ್ ಅನುಮತಿಯೊಡನೆ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ‘ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್’, ಅದು ಮುಗಿದ ಮೇಲೆ ‘ಎಸ್‌ಎಫ್‌ಸಿ /ಸ್ಕ್ಯಾನ್‌ನೌ’ ಓಡಿಸಬೇಕು. ಎಸ್‌ಎಫ್‌ಸಿ ಒಳ್ಳೆಯ ಕಡತಗಳನ್ನು ತೆಗೆದುಕೊಳ್ಳುವ ಭಂಡಾರವನ್ನು ಡಿಐಎಸ್‌ಎಂ ಸರಿಪಡಿಸುವುದರಿಂದ ಈ ಸರದಿ. ಇದರಲ್ಲೊಂದು ತೊಡಕಿದೆ: ಡಿಐಎಸ್‌ಎಂ ತನಗೆ ಬೇಕಾದ ಕಡತಗಳನ್ನು ಸಾಮಾನ್ಯವಾಗಿ ವಿಂಡೋಸ್ ಅಪ್‌ಡೇಟ್‌ನಿಂದಲೇ ತರಿಸಿಕೊಳ್ಳುತ್ತದೆ. ಅಪ್‌ಡೇಟೇ ಕೆಟ್ಟಿರುವಾಗ ಅದೂ ಸೋಲುವುದರಿಂದ, ಅದೇ ಆವೃತ್ತಿಯ ವಿಂಡೋಸ್‌ನ ಐಎಸ್‌ಒ ಕಡತವನ್ನು (ಇಡೀ ಇನ್‌ಸ್ಟಾಲ್ ಡಿಸ್ಕಿನ ಪ್ರತಿ) ಮೂಲವಾಗಿ ತೋರಿಸಬೇಕಾಗುತ್ತದೆ.

ಅರೆಬರೆ ಇಳಿದ ಅಪ್‌ಡೇಟ್‌ಗಳೇ ತೊಂದರೆಯಾಗಿದ್ದರೆ ವಿಂಡೋಸ್ ಅಪ್‌ಡೇಟ್, ಬಿಟ್ಸ್ ಮತ್ತು ಕ್ರಿಪ್ಟೋಗ್ರಾಫಿಕ್ ಸೇವೆಗಳನ್ನು ನಿಲ್ಲಿಸಿ, ‘ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್’ ಮತ್ತು ‘ಕ್ಯಾಟ್‌ರೂಟ್2’ ಫೋಲ್ಡರ್‌ಗಳ ಹೆಸರು ಬದಲಿಸಿ, ಸೇವೆಗಳನ್ನು ಮತ್ತೆ ಆರಂಭಿಸಿದರೆ ವಿಂಡೋಸ್ ಹೊಸ ಫೋಲ್ಡರ್‌ಗಳನ್ನು ಮಾಡಿಕೊಳ್ಳುತ್ತದೆ. ನಿಧಾನ ನೆಟ್ ಇರುವ ಹಳ್ಳಿಗಳವರು, ಇದರಿಂದ ಅದುವರೆಗೆ ಇಳಿದದ್ದೆಲ್ಲ ಹೋಗಿ ಮತ್ತೆ ಮೊದಲಿನಿಂದ ಇಳಿಸಬೇಕಾಗುತ್ತದೆ ಎಂಬುದನ್ನು ಗಮನದಲ್ಲಿಡಬೇಕು. ಅಂಥವರು ಶಿವಮೊಗ್ಗಕ್ಕೋ ಸಾಗರಕ್ಕೋ ಬಂದಾಗ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ತಾಣದಿಂದ ಬೇಕಾದ ಕೆಬಿ ಸಂಖ್ಯೆಯ ಕಡತವನ್ನು ಇಳಿಸಿ ಒಯ್ದು, ಮನೆಯಲ್ಲಿ ನೆಟ್ ಇಲ್ಲದೆಯೇ ಹಾಕಿಕೊಳ್ಳಬಹುದು.

ಅಪ್‌ಡೇಟ್ ಹಾಕಿದ ಮೇಲೆಯೇ ನೀಲಿ ಪರದೆ ಬಂತು. ಅಪ್‌ಡೇಟಿನದೇ ತಪ್ಪಲ್ಲವೆ?

ಆಗಿರಬಹುದು, ಆದರೆ ತೀರ್ಪು ಕೊಡುವ ಮೊದಲು 2010ರ ಫೆಬ್ರುವರಿಯ ಘಟನೆಯನ್ನು ನೆನೆಯಬೇಕು. ಎಂಎಸ್10-015 ಎಂಬ ಅಪ್‌ಡೇಟ್ ಹಾಕಿದ ಹಲವು ಕಂಪ್ಯೂಟರ್‌ಗಳು ನೀಲಿ ಪರದೆಯಲ್ಲಿ ನಿಂತವು, ಜನ ಮೈಕ್ರೋಸಾಫ್ಟನ್ನು ದೂರಿದರು. ಆ ಯಂತ್ರಗಳಲ್ಲಿ ಮೊದಲೇ ಅಡಗಿದ್ದ ಅಲ್ಯೂರಿಯಾನ್ ಎಂಬ ರೂಟ್‌ಕಿಟ್ ಇದಕ್ಕೆ ಕಾರಣವೆಂದು ವಿಚಾರಣೆಯಿಂದ ತಿಳಿಯಿತು. ವಿಂಡೋಸ್‌ನ ತಿರುಳಾದ ಕರ್ನೆಲ್‌ನಲ್ಲಿ ಕೆಲವು ಭಾಗಗಳು ಇಂಥ ಸ್ಥಾನದಲ್ಲೇ ಇವೆಯೆಂದು ಅದು ನಂಬಿಕೊಂಡಿತ್ತು. ಅಪ್‌ಡೇಟ್ ಆ ಸ್ಥಾನಗಳನ್ನು ಬದಲಿಸಿದೊಡನೆ ವ್ಯವಸ್ಥೆ ಕುಸಿಯಿತು. ಅಪ್‌ಡೇಟ್ ಅಳಿಸಿದರೆ ಯಂತ್ರ ಎದ್ದೇಳುತ್ತಿತ್ತು, ರೂಟ್‌ಕಿಟ್ ಒಳಗೇ ಉಳಿಯುತ್ತಿತ್ತು. ಆದ್ದರಿಂದ ಸೇಫ್ ಮೋಡ್‌ನಲ್ಲಿ ಅಪ್‌ಡೇಟ್ ಹಿಂತೆಗೆದವರು ಅಷ್ಟಕ್ಕೇ ನಿಲ್ಲದೆ ಆಫ್‌ಲೈನ್ ಸ್ಕ್ಯಾನ್ ಮಾಡಲೇಬೇಕು.

ಬ್ರೌಸರ್‌ನಲ್ಲಿ ‘ನಿಮ್ಮ ವಿಂಡೋಸ್ ಅಪ್‌ಡೇಟ್ ಮಾಡಿ’ ಎಂಬ ಪುಟ ಬಂದರೆ?

ಮುಚ್ಚಿಬಿಡಿ. ವಿಂಡೋಸ್ ತನ್ನ ಅಪ್‌ಡೇಟ್ ಸೂಚನೆಯನ್ನು ಬ್ರೌಸರ್ ಪುಟದಲ್ಲಿ ಕೊಡುವುದಿಲ್ಲ. ಸ್ಟಾಪ್ ಅಥವಾ ಡಿಜೆವಿಯು ಎಂದು ಕರೆಯಲಾಗುವ, ಕ್ರ್ಯಾಕ್ ಸಾಫ್ಟ್‌ವೇರ್ ಮೂಲಕ ಹರಡಿದ ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಮಾಲ್‌ವೇರ್) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಕಲಿ ಅಪ್‌ಡೇಟ್ ಕಿಟಕಿಯೊಂದನ್ನು ತೋರಿಸುತ್ತ ಹಿಂದೆ ಕಡತಗಳಿಗೆಲ್ಲ ಬೀಗ ಹಾಕುತ್ತಿತ್ತು, ಹೋಸ್ಟ್ಸ್ ಕಡತದಲ್ಲಿ ಭದ್ರತಾ ತಾಣಗಳನ್ನೂ ತಡೆಯುತ್ತಿತ್ತು. ಕಡತಗಳ ಹೆಸರಿನ ಕೊನೆಯಲ್ಲಿ ಅಪರಿಚಿತ ಅಕ್ಷರಗಳು ಸೇರತೊಡಗಿದ್ದು ಕಂಡರೆ ತಕ್ಷಣ ಯಂತ್ರ ಆರಿಸಿ. ಹಣ ಕಟ್ಟಬೇಡಿ, ಬೀಗ ಬಿದ್ದ ಕಡತಗಳನ್ನು ಅಳಿಸಲೂಬೇಡಿ. ಇದರ ಹಳೆಯ ಹಲವು ಬಗೆಗಳಿಗೆ ಎಮ್ಸಿಸಾಫ್ಟ್ ಕಂಪನಿ 2019ರಲ್ಲಿ ಉಚಿತ ಬಿಡಿಸುವ ಸಾಧನ ಬಿಡುಗಡೆ ಮಾಡಿತು.

ವಿಂಡೋಸನ್ನು ಹೊಸದಾಗಿ ಹಾಕುವುದು ಅನಿವಾರ್ಯವಾಗುವುದು ಯಾವಾಗ?

ರೂಟ್‌ಕಿಟ್ ಸಿಕ್ಕಿದ್ದರೆ, ತೆಗೆದ ಮಾಲ್‌ವೇರ್ ಮರಳಿ ಬರುತ್ತಿದ್ದರೆ, ಅಥವಾ ಆ ಯಂತ್ರದಿಂದ ಹಣದ ವ್ಯವಹಾರ ನಡೆಯುತ್ತಿದ್ದರೆ ಹೊಸದಾಗಿ ಹಾಕುವುದೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವನ್ನು ಬೇರೆ ಶುದ್ಧ ಯಂತ್ರದಲ್ಲಿ, ಮೈಕ್ರೋಸಾಫ್ಟ್‌ನ ಸ್ವಂತ ತಾಣದಿಂದಲೇ ಸಿದ್ಧಪಡಿಸಬೇಕು. ಡಿಟಿಪಿಯವರು ಹಿಂದೇಟು ಹಾಕುವುದು ಹಳೆಯ ಕನ್ನಡ ಫಾಂಟ್‌ಗಳು ಹೋಗುತ್ತವೆಂಬ ಭಯದಿಂದ. ಫಾಂಟ್ ಕಡತಗಳನ್ನು ಮೊದಲೇ ನಕಲಿಸಿ, ಸ್ಕ್ಯಾನ್ ಮಾಡಿ ಇಟ್ಟುಕೊಂಡರೆ ಆ ಭಯಕ್ಕೆ ಎಡೆಯಿಲ್ಲ. ನುಡಿ ಮುಂತಾದ ತಂತ್ರಾಂಶಗಳನ್ನು ಅವುಗಳ ಅಧಿಕೃತ ತಾಣದಿಂದ ಮತ್ತೆ ಇಳಿಸಿಕೊಳ್ಳಿ. ಡ್ರೈವನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಇರುವ ಲ್ಯಾಪ್‌ಟಾಪ್ ಆದರೆ ರಿಕವರಿ ಕೀ ಕೈಯಲ್ಲಿರುವುದನ್ನು ಖಚಿತಪಡಿಸಿಕೊಂಡೇ ಕೆಲಸ ಆರಂಭಿಸಬೇಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ವಿಂಡೋಸ್ 11 ಓಡಬಲ್ಲ ಯಂತ್ರಕ್ಕೆ ಈ ಸಂದರ್ಭದಲ್ಲಿ ಅದನ್ನೇ ಹಾಕುವುದು ಸೂಕ್ತ.

ಪಾಸ್‌ವರ್ಡ್ ಕದ್ದಿರಬಹುದೆಂಬ ಅನುಮಾನವಿದ್ದರೆ?

ಪಾಸ್‌ವರ್ಡ್‌ಗಳನ್ನು ಸೋಂಕಿತ ಯಂತ್ರದಲ್ಲಿ ಬದಲಿಸಬಾರದು, ಬೇರೆ ಯಂತ್ರ ಅಥವಾ ಮೊಬೈಲಿನಿಂದ ಬದಲಿಸಬೇಕು. ಮೊದಲು ಇಮೇಲ್, ಆಮೇಲೆ ಬ್ಯಾಂಕ್. ಹಣ ಹೋಗಿರುವುದು ಕಂಡರೆ ಒಡನೆಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಶಿವಮೊಗ್ಗದ ಸಿಇಎನ್ ಪೊಲೀಸ್ ಠಾಣೆಯಲ್ಲಿಯೂ ದೂರು ಕೊಡಬಹುದು. ದೂರು ದಾಖಲಾಗುವವರೆಗೆ ಆ ಯಂತ್ರವನ್ನು ಫಾರ್ಮ್ಯಾಟ್ ಮಾಡಬೇಡಿ.

ಎಲ್ಲವೂ ಸರಿಯಾಯಿತೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಅಪ್‌ಡೇಟ್ ಹಿಸ್ಟರಿಯಲ್ಲಿ ಆ ಯಂತ್ರಕ್ಕೆ ಲಭ್ಯವಿರುವ ಇತ್ತೀಚಿನ ಸಂಚಿತ ಅಪ್‌ಡೇಟ್ ಯಶಸ್ವಿಯಾಗಿ ಸೇರಿರಬೇಕು, ಡಿಫೆಂಡರ್‌ನ ಮಾಹಿತಿ ಇಂದಿನ ಅಥವಾ ನಿನ್ನೆಯ ದಿನಾಂಕದ್ದಾಗಿರಬೇಕು, ವಿನಾಯಿತಿ ಪಟ್ಟಿ ನೀವು ಬಿಟ್ಟಂತೆಯೇ ಇರಬೇಕು. ಎರಡು ಸಲ ರೀಸ್ಟಾರ್ಟ್ ಮಾಡಿ ಸೇವೆಗಳ ಪಟ್ಟಿ ಮತ್ತು ಹೋಸ್ಟ್ಸ್ ಕಡತವನ್ನು ಪುನಃ ತೆರೆದು ನೋಡಿ. ಒಂದು ವಾರದ ಬಳಿಕ ಇವೇ ಐದು ಕಡೆ ಇನ್ನೊಮ್ಮೆ ಪರೀಕ್ಷಿಸಿ, ಏನೂ ಬದಲಾಗಿಲ್ಲವೆಂದು ಕಂಡ ಮೇಲೆಯೇ ಆ ಯಂತ್ರವನ್ನು ಮಂಡಿಯ ಅಥವಾ ಕಚೇರಿಯ ಜಾಲಕ್ಕೆ ಸೇರಿಸಿ.